ಎಸ್ಸೆಸ್ಸೆಲ್ಸಿ ಭೂಗೋಳ: ಪಾಠಕ್ಕಿಂತ ಮೊದಲು ನಕ್ಷೆ

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ವಿಭಾಗಗಳಿವೆ. ಈ ಆರರಲ್ಲಿ ಅರ್ಥ ಮಾಡಿಕೊಂಡು ಓದಿದರೆ ಬೇಗ ಮುಗಿಯುವುದು ಭೂಗೋಳ, ಉರು ಹೊಡೆಯಲು ಹೋದರೆ ಎಂದೂ ಮುಗಿಯದ್ದೂ ಭೂಗೋಳವೇ. ನದಿ, ಅಣೆಕಟ್ಟು, ಮಣ್ಣು, ಬೆಳೆ, ಗಣಿ, ಬಂದರು ಎಲ್ಲವನ್ನೂ ಬೇರೆ ಬೇರೆ ಪಟ್ಟಿಯಾಗಿ ಬಾಯಿಪಾಠ ಮಾಡಿದವರಿಗೆ ಪರೀಕ್ಷೆಯ ಹಿಂದಿನ ರಾತ್ರಿ ಹಿರಾಕುಡ್ ಅಣೆಕಟ್ಟು ಯಾವ ನದಿಗೆ, ನರೋರಾ ಅಣುವಿದ್ಯುತ್ ಕೇಂದ್ರ ಯಾವ ರಾಜ್ಯಕ್ಕೆ ಎಂಬುದೆಲ್ಲ ಕಲಸಿಹೋಗುತ್ತದೆ. ಅದೇ ಹೆಸರುಗಳನ್ನು ಕೈಯಿಂದ ಬರೆದ ಒಂದೇ ನಕ್ಷೆಯ ಮೇಲೆ ಇಟ್ಟುಕೊಂಡು ಬಂದವರಿಗೆ ಆ ಗೊಂದಲವಿಲ್ಲ. ಹಾಗಾಗಿ ಈ ಬರಹದಲ್ಲಿ ಮೊದಲು ನಕ್ಷೆ, ಆಮೇಲೆ ಪಾಠ.

ಪತ್ರಿಕೆಯ ಲೆಕ್ಕವನ್ನು ಮೊದಲೇ ತಿಳಿದುಕೊಳ್ಳಿ. ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಇತ್ತೀಚಿನ ವರ್ಷಗಳ ಮಾದರಿಯಲ್ಲಿ 38 ಪ್ರಶ್ನೆ: ಬಹು ಆಯ್ಕೆಯವು 8, ಒಂದು ವಾಕ್ಯದವು 8, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಕೊನೆಗೆ ಐದು ಅಂಕದ ನಕ್ಷೆ ಒಂದು. ನಿಮ್ಮ ವರ್ಷಕ್ಕೆ ಇದರಲ್ಲಿ ಬದಲಾವಣೆ ಇದೆಯೇ ಎಂದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮಾದರಿ ಪತ್ರಿಕೆ ನೋಡಿ ಖಚಿತಪಡಿಸಿಕೊಳ್ಳಿ. ಭೂಗೋಳದ ಪ್ರಶ್ನೆಗಳು ಎಲ್ಲ ಗುಂಪಿನಲ್ಲೂ ಹಂಚಿಕೊಂಡಿರುತ್ತವೆ. ಐದು ಅಂಕದ ನಕ್ಷೆ ಮಾತ್ರ ಪೂರ್ತಿ ಭೂಗೋಳದ್ದೇ. ಅದರಲ್ಲಿ ಹೊರರೇಖೆಗೆ 1 ಅಂಕ, ನಾಲ್ಕು ಸ್ಥಳ ಗುರುತಿಸಿದ್ದಕ್ಕೆ 4. ಅಚ್ಚಾದ ಖಾಲಿ ನಕ್ಷೆ ಕೈಗೆ ಬರುವುದಿಲ್ಲ, ನೀವೇ ಬರೆಯಬೇಕು. (ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗೆ ಇದರ ಬದಲು ಬೇರೆ ಪ್ರಶ್ನೆ ಇರುತ್ತದೆ.)

ಪೆಟ್ಟಿಗೆ ಹಾಕಿ ಭಾರತ ಬರೆಯುವುದು

ಚಿತ್ರಕಲೆ ಬರದವರೂ ಬರೆಯಬಹುದಾದ ವಿಧಾನ ಇದು. ಎಚ್‌ಬಿ ಪೆನ್ಸಿಲ್, ಸ್ಕೇಲು, ರಬ್ಬರ್ ಇಷ್ಟೇ ಸಾಕು.

ಹಾಳೆಯ ಮಧ್ಯದಲ್ಲಿ 11 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದ ಪೆಟ್ಟಿಗೆಯನ್ನು ತೀರಾ ತಿಳಿಯಾಗಿ ಹಾಕಿ. ಈ ಅಳತೆ ಸುಮ್ಮನೆ ಬಂದದ್ದಲ್ಲ. ದೇಶದ ಪೂರ್ವ-ಪಶ್ಚಿಮ ಅಗಲ 2,933 ಕಿ.ಮೀ., ಉತ್ತರ-ದಕ್ಷಿಣ ಉದ್ದ 3,214 ಕಿ.ಮೀ.; ಆ ಪ್ರಮಾಣವೇ 11ಕ್ಕೆ 12. ಇದನ್ನು ಮರೆತು ಚೌಕಾಕಾರದ ಜಾಗದಲ್ಲಿ ಬರೆದವರ ಭಾರತ ಗುಜ್ಜಾಗಿ ಕಾಣುತ್ತದೆ, ಉದ್ದುದ್ದ ಎಳೆದವರದು ಕ್ಯಾರೆಟ್ ಆಗುತ್ತದೆ.

ಪೆಟ್ಟಿಗೆಯ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆಯಿರಿ, ಅಂದರೆ ಎಡಬದಿಯಿಂದ 5.5 ಸೆಂ.ಮೀ. ಅದೇ 82½° ಪೂರ್ವ ರೇಖಾಂಶ, ಭಾರತದ ಆದರ್ಶ ಕಾಲಮಾನದ ರೇಖೆ. ಮೇಲಂಚಿನಿಂದ 5.6 ಸೆಂ.ಮೀ. ಕೆಳಗೆ ಅಡ್ಡಗೆರೆ ಎಳೆಯಿರಿ. ಅದು 23½° ಉತ್ತರ ಅಕ್ಷಾಂಶ, ಕರ್ಕಾಟಕ ಸಂಕ್ರಾಂತಿ ವೃತ್ತ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತಿರುವಿ ಹಾಕಿದರೆ ಈ ಎರಡು ರೇಖೆಗಳು ಮತ್ತೆ ಮತ್ತೆ ಕಾಣುತ್ತವೆ. ಹೊರರೇಖೆಗೆ ಮುಂಚೆಯೇ ಅವು ನಿಮ್ಮ ಹಾಳೆಯಲ್ಲಿ ಸರಿಯಾದ ಜಾಗದಲ್ಲಿ ಕೂತಾಯಿತು.

ಇನ್ನು ಚುಕ್ಕಿಗಳು. ಕೆಳಗಿನ ಪ್ರತಿ ಜಾಗಕ್ಕೂ ಮೊದಲ ಸಂಖ್ಯೆ ಎಡಬದಿಯಿಂದ, ಎರಡನೆಯದು ಮೇಲಂಚಿನಿಂದ, ಎರಡೂ ಸೆಂ.ಮೀ.ನಲ್ಲಿ:

ಲಡಾಖ್‌ನ ತುದಿ 2.8, 0
ಅಮೃತಸರದ ಗಡಿ 2.5, 2.2
ಜೈಸಲ್ಮೇರ್ ಕಡೆಯ ಉಬ್ಬು 0.6, 4
ಕಛ್‌ನ ಪಶ್ಚಿಮ ತುದಿ 0, 5.5
ದ್ವಾರಕಾ 0.4, 6.1
ದಿಯು 1.1, 6.7
ಮುಂಬೈ 1.8, 7.5
ಮಂಗಳೂರು 2.6, 10
ಕನ್ಯಾಕುಮಾರಿ 3.6, 12
ಚೆನ್ನೈ 4.6, 9.9
ವಿಶಾಖಪಟ್ಟಣ 5.7, 8
ಕೋಲ್ಕತ್ತ 7.6, 6
ಸಿಲಿಗುರಿ 7.6, 4.3
ಅರುಣಾಚಲದ ಪೂರ್ವ ತುದಿ 11, 3.7
ಮಿಜೋರಾಂನ ತಳ 9.3, 6.2

ಹದಿನೈದು ಚುಕ್ಕಿ ನೋಡಿ ಗಾಬರಿಯಾಗಬೇಡಿ. ಇವುಗಳಲ್ಲಿ ಅರ್ಧದಷ್ಟು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಸುಮಾರು 13° ಉತ್ತರ ಅಕ್ಷಾಂಶದ ಮೇಲಿವೆ, ಒಂದೇ ಅಡ್ಡಗೆರೆ. ದೆಹಲಿ, ಭೋಪಾಲ್, ಬೆಂಗಳೂರು, ಕನ್ಯಾಕುಮಾರಿ ನಾಲ್ಕೂ 77°ಯಿಂದ 78° ರೇಖಾಂಶದ ನಡುವೆ ಇವೆ, ಒಂದೇ ಉದ್ದಗೆರೆ. ಸಿಲಿಗುರಿಯಿಂದ ನೇರ ಕೆಳಗಿಳಿದರೆ ಕೋಲ್ಕತ್ತ. ಕಛ್‌ನ ಪಶ್ಚಿಮ ತುದಿ ಹೆಚ್ಚುಕಡಿಮೆ ಕರ್ಕಾಟಕ ವೃತ್ತದ ಮೇಲೆಯೇ ಇದೆ. ಭೋಪಾಲ್, ರಾಂಚಿ, ಕೋಲ್ಕತ್ತ ಮೂರೂ ಆ ಗೆರೆಯ ಸ್ವಲ್ಪ ಕೆಳಗೆ.

ಚುಕ್ಕಿಗಳನ್ನು ಸೇರಿಸುವಾಗ ಸ್ಕೇಲು ಬಳಸಬೇಡಿ. ನೆತ್ತಿಯಿಂದ ಶುರುಮಾಡಿ ಪಶ್ಚಿಮದ ಕಡೆ ಇಳಿಯುತ್ತ ಬನ್ನಿ. ತಪ್ಪಾಗುವ ಜಾಗಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ನೆತ್ತಿ: ಜಮ್ಮು-ಕಾಶ್ಮೀರ ಮತ್ತು ಲಡಾಖ್ ಚೂಪಾದ ಮೊನೆಯಲ್ಲ, ಅಗಲವಾದ ತಲೆ. ಎಡಕ್ಕೆ ಸುಮಾರು 1.7 ಸೆಂ.ಮೀ. ಗುರುತಿನವರೆಗೆ, ಬಲಕ್ಕೆ 4.6ರವರೆಗೆ ಹರಡಿದೆ. ದೇಶದ ಅಧಿಕೃತ ನಕ್ಷೆಯಲ್ಲಿರುವಂತೆ ಪೂರ್ತಿ ಬರೆಯಬೇಕು. ಇಲ್ಲಿ ಕತ್ತರಿಸಿದರೆ ಹೊರರೇಖೆಯ ಅಂಕ ಹೋದಂತೆ. ಎರಡನೆಯದು ಸೌರಾಷ್ಟ್ರ: ಅದರ ಮೇಲೆ ಕಛ್ ಕೊಲ್ಲಿ, ಬಲಕ್ಕೆ ಖಂಬಾತ್ ಕೊಲ್ಲಿ. ಎರಡೂ ಒಳಕ್ಕೆ ನುಗ್ಗಬೇಕು. ಕೊಲ್ಲಿ ಬಿಟ್ಟರೆ ಕಾಂಡ್ಲಾ ಬಂದರು ಇಡಲು ಜಾಗವೇ ಇರುವುದಿಲ್ಲ. ಮೂರನೆಯದು ಸಿಲಿಗುರಿಯ ಕುತ್ತಿಗೆ. ನಿಜದಲ್ಲಿ ಅತಿ ಕಿರಿದಾದ ಕಡೆ ಸುಮಾರು 22 ಕಿ.ಮೀ. ಮಾತ್ರ, ನಿಮ್ಮ ಹಾಳೆಯ ಮೇಲೆ 1 ಮಿ.ಮೀ.ಗೂ ಕಡಿಮೆ. ಆದರೆ ಪೆನ್ಸಿಲಿನಲ್ಲಿ 2 ಮಿ.ಮೀ. ಬಿಡಿ, ಇಲ್ಲವಾದರೆ ಎರಡು ಗೆರೆ ಅಂಟಿಕೊಂಡು ಈಶಾನ್ಯ ರಾಜ್ಯಗಳು ದ್ವೀಪವಾಗಿಬಿಡುತ್ತವೆ. ನಾಲ್ಕನೆಯದು ದ್ವೀಪಗಳು. ಅಂಡಮಾನ್-ನಿಕೋಬಾರ್ ಎಡಬದಿಯಿಂದ ಸುಮಾರು 9ರಿಂದ 9.6 ಸೆಂ.ಮೀ. ದೂರದಲ್ಲಿ, ಚೆನ್ನೈಯ ಎತ್ತರದಿಂದ ಕೆಳಕ್ಕೆ ಇಳಿಯುತ್ತದೆ. ಅದರ ತುದಿಯ ಇಂದಿರಾ ಪಾಯಿಂಟ್ 6°45' ಉತ್ತರದಲ್ಲಿರುವುದರಿಂದ ಪೆಟ್ಟಿಗೆಯ ಕೆಳಗೆರೆಯನ್ನೂ ದಾಟಿ ಅರ್ಧ ಸೆಂ.ಮೀ. ಕೆಳಗೆ ಹೋಗುತ್ತದೆ. ಕನ್ಯಾಕುಮಾರಿ ಮುಖ್ಯಭೂಮಿಯ ದಕ್ಷಿಣ ತುದಿ, ಇಂದಿರಾ ಪಾಯಿಂಟ್ ಇಡೀ ದೇಶದ ದಕ್ಷಿಣ ತುದಿ ಎಂಬ ಒಂದು ಅಂಕದ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು.

ಮೊದಲ ದಿನ ಇದಕ್ಕೆ 25 ನಿಮಿಷ ಹಿಡಿಯುತ್ತದೆ. ದಿನಕ್ಕೊಂದರಂತೆ ಬರೆಯುತ್ತ ಹೋದರೆ ಹತ್ತನೇ ನಕ್ಷೆಯ ಹೊತ್ತಿಗೆ 8 ನಿಮಿಷಕ್ಕೆ ಇಳಿಯಬೇಕು. ಇಳಿಯದಿದ್ದರೆ ನೀವು ಗಡಿಯ ಪ್ರತಿ ಅಂಕುಡೊಂಕನ್ನೂ ಬಿಡಿಸುತ್ತಿದ್ದೀರಿ ಎಂದರ್ಥ. ಅಷ್ಟು ಬೇಡ, ಮೌಲ್ಯಮಾಪಕರಿಗೆ ಭಾರತ ಎಂದು ಗುರುತು ಹತ್ತಿದರೆ ಸಾಕು.

ನಕ್ಷೆಯ ಮೇಲೆ ಏನೇನು ತುಂಬಬೇಕು

ನದಿ ಬರೆಯುವಾಗ ಹುಟ್ಟುವ ಜಾಗ ಮತ್ತು ಸಮುದ್ರ ಸೇರುವ ಜಾಗ ಎರಡನ್ನೂ ಮೊದಲು ಚುಕ್ಕಿ ಇಟ್ಟು, ನಂತರ ಗೆರೆ ಎಳೆಯಿರಿ. ನರ್ಮದಾ ಅಮರಕಂಟಕದಲ್ಲಿ ಹುಟ್ಟುತ್ತದೆ. ಅದು ನಡುಗೆರೆಗೆ ತುಸು ಎಡಕ್ಕೆ, ಕರ್ಕಾಟಕ ವೃತ್ತದ 3 ಮಿ.ಮೀ. ಕೆಳಗೆ. ಅಲ್ಲಿಂದ ವೃತ್ತಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಪಶ್ಚಿಮಕ್ಕೆ ಹರಿದು ಖಂಬಾತ್ ಕೊಲ್ಲಿ ಸೇರುತ್ತದೆ. ಮಹಾನದಿ, ಗೋದಾವರಿ, ಕೃಷ್ಣಾ, ಕಾವೇರಿ ಎಲ್ಲವೂ ಪೂರ್ವಕ್ಕೆ ಹರಿಯುವಾಗ ನರ್ಮದಾ ಮತ್ತು ತಪತಿ ಪಶ್ಚಿಮಕ್ಕೆ ಹರಿಯುವುದು ಅವು ಸ್ತರಭಂಗದ, ಅಂದರೆ ನೆಲ ಬಿರಿದು ಕುಸಿದ, ಸೀಳು ಕಣಿವೆಗಳಲ್ಲಿ ಹರಿಯುವುದರಿಂದ. ಗೋದಾವರಿ ನಾಸಿಕದ ಬಳಿಯ ತ್ರ್ಯಂಬಕದಲ್ಲಿ, ಕೃಷ್ಣಾ ಮಹಾಬಲೇಶ್ವರದಲ್ಲಿ, ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತವೆ. ಮೂರೂ ಪಶ್ಚಿಮ ಘಟ್ಟದಲ್ಲೇ, ಅರಬ್ಬಿ ಸಮುದ್ರಕ್ಕೆ ಕೂಗಳತೆ ಎನ್ನುವಷ್ಟು ಹತ್ತಿರ. ಆದರೂ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿರುವುದರಿಂದ ಬಂಗಾಳ ಕೊಲ್ಲಿಯವರೆಗೆ ಹೋಗುತ್ತವೆ.

ಅಣೆಕಟ್ಟು, ಅಣುವಿದ್ಯುತ್ ಕೇಂದ್ರ, ಉಕ್ಕಿನ ಕಾರ್ಖಾನೆಗಳನ್ನು ಈಗಾಗಲೇ ಗೊತ್ತಿರುವ ಊರಿನ ಪಕ್ಕದಲ್ಲಿ ಕಟ್ಟಿಹಾಕಿಕೊಳ್ಳಿ. ಅಣುವಿದ್ಯುತ್ ಕೇಂದ್ರಗಳಲ್ಲಿ ತಾರಾಪುರ ಮುಂಬೈಗೆ 3 ಮಿ.ಮೀ. ಮೇಲೆ. ಕಲ್ಪಾಕಂ ಚೆನ್ನೈಗೆ ತಾಗಿದಂತೆ ಕೆಳಗೆ. ಕೂಡಂಕುಳಂ ಕನ್ಯಾಕುಮಾರಿಯ ಬಗಲಿಗೆ. ನರೋರಾ ದೆಹಲಿಯ ಬಲಕ್ಕೆ ಅರ್ಧ ಸೆಂ.ಮೀ., ಉತ್ತರ ಪ್ರದೇಶದಲ್ಲಿ. ಕೈಗಾ ಮಂಗಳೂರಿಗೆ 8 ಮಿ.ಮೀ. ಮೇಲೆ, ಕರಾವಳಿ ಗೆರೆಯಿಂದ ತುಸು ಒಳಗೆ. ಕಡಲ ಮೇಲೆ ಚುಕ್ಕಿ ಇಡಬೇಡಿ, ಅದು ಕಾಳಿ ನದಿಯ ದಡದಲ್ಲಿದೆ. ಜಮ್ಶೆಡ್‌ಪುರ (ಉಕ್ಕಿನ ಕಾರ್ಖಾನೆ) ಕೋಲ್ಕತ್ತದ ಎಡಕ್ಕೆ 8 ಮಿ.ಮೀ. ಅಣೆಕಟ್ಟುಗಳಲ್ಲಿ ಹಿರಾಕುಡ್ ನಡುಗೆರೆಯಿಂದ ಅರ್ಧ ಸೆಂ.ಮೀ. ಬಲಕ್ಕೆ, ಕರ್ಕಾಟಕ ವೃತ್ತದ 8 ಮಿ.ಮೀ. ಕೆಳಗೆ. ಭಾಕ್ರಾ ಅಮೃತಸರದ ಚುಕ್ಕಿಯಿಂದ ಬಲಕ್ಕೆ ಅರ್ಧ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ತುಂಗಭದ್ರಾ ಬೆಂಗಳೂರಿನ ಮೇಲೆ 1 ಸೆಂ.ಮೀ., ಅರ್ಧ ಸೆಂ.ಮೀ. ಎಡಕ್ಕೆ.

ಬಂದರಿಗೆ ಚುಕ್ಕಿ ಇಟ್ಟು ಹೆಸರನ್ನು ಸಮುದ್ರದ ಕಡೆ ಬರೆಯಿರಿ, ಒಳಗೆ ಬರೆದರೆ ಮುಂದಿನ ಹೆಸರಿಗೆ ಜಾಗ ಸಾಲದು. ಕೋರಮಂಡಲ, ಮಲಬಾರ್, ಕೊಂಕಣ ಇವೆಲ್ಲ ಊರುಗಳಲ್ಲ, ಕರಾವಳಿಯ ತುಂಡುಗಳು; ಚುಕ್ಕಿ ಇಟ್ಟರೆ ತಪ್ಪು, ಅಂಚಿನುದ್ದಕ್ಕೂ ಓರೆಗೆರೆ ಹಾಕಿ ತೋರಿಸಬೇಕು. ಪ್ರಶ್ನೆಯಲ್ಲಿ ಅಡ್ಡಹೆಸರು ಬಂದರೂ ಗೊಂದಲ ಬೇಡ: ಭಾರತದ ಸಿಲಿಕಾನ್ ಕಣಿವೆ ಎಂದರೆ ಬೆಂಗಳೂರು, ಭಾರತದ ಮ್ಯಾಂಚೆಸ್ಟರ್ ಎಂದು ಹತ್ತನೆಯ ತರಗತಿಯಲ್ಲಿ ಕೇಳುವುದು ಮುಂಬೈಯನ್ನು.

ಪಾಠಗಳನ್ನು ಸರಪಳಿಯಾಗಿ ಓದಿ

ಮೇಲ್ಮೈ ಲಕ್ಷಣ, ವಾಯುಗುಣ, ಮಣ್ಣು, ಅರಣ್ಯ, ನೀರು, ಬೆಳೆ, ಖನಿಜ, ಕೈಗಾರಿಕೆ ಬೇರೆ ಬೇರೆ ಅಧ್ಯಾಯಗಳಾಗಿ ಅಚ್ಚಾಗಿವೆ ಅಷ್ಟೇ. ಒಂದು ಇನ್ನೊಂದಕ್ಕೆ ಕಾರಣ. ಕರ್ನಾಟಕದಲ್ಲೇ ನೋಡಿ. ನೈರುತ್ಯ ಮಾನ್ಸೂನ್ ಅರಬ್ಬಿ ಸಮುದ್ರದ ತೇವ ಹೊತ್ತು ಬಂದು ಪಶ್ಚಿಮ ಘಟ್ಟಕ್ಕೆ ಅಡ್ಡ ಬಡಿಯುತ್ತದೆ, ಮೇಲೇರುತ್ತ ತಂಪಾಗಿ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 700 ಸೆಂ.ಮೀ. ದಾಟುವ ಮಳೆ. ಘಟ್ಟ ದಾಟಿದ ಗಾಳಿ ಇಳಿಯುತ್ತ ಬಿಸಿಯಾಗುತ್ತದೆ, ತೇವವೂ ಮುಗಿದಿರುತ್ತದೆ, ಇನ್ನೂರು ಕಿ.ಮೀ. ಒಳಗಿರುವ ಚಿತ್ರದುರ್ಗದ ಕಡೆ ಮಳೆ 60 ಸೆಂ.ಮೀ. ಆಸುಪಾಸು. ಇದೇ ಮಳೆ ನೆರಳಿನ ಪ್ರದೇಶ. ಮಳೆ ಜಾಸ್ತಿ ಇರುವ ಕಡೆ ಮಣ್ಣಿನ ಸಾರ ತೊಳೆದುಹೋಗಿ ಜಂಬಿಟ್ಟಿಗೆ ಮಣ್ಣು ಉಳಿಯುತ್ತದೆ, ಅಲ್ಲಿ ನಿತ್ಯಹರಿದ್ವರ್ಣದ ಕಾಡು, ಇಳಿಜಾರಿನಲ್ಲಿ ಕಾಫಿ, ಏಲಕ್ಕಿ. ಮಳೆ ಕಡಿಮೆ ಇರುವ ಕಡೆ ಕುರುಚಲು, ಜೋಳ, ರಾಗಿ, ಶೇಂಗಾ. ಉತ್ತರದ ವಿಜಯಪುರದ ಕಡೆ ತಳಬಂಡೆ ಬಸಾಲ್ಟ್, ಅದು ಶಿಥಿಲವಾಗಿ ಬಂದದ್ದು ಎರೆ ಭೂಮಿ, ಅದರಲ್ಲಿ ಹತ್ತಿ. ಕೋಲಾರ, ತುಮಕೂರಿನ ಕಡೆ ಗ್ರಾನೈಟ್ ಮತ್ತು ನೀಸ್ ಶಿಲೆಯಿಂದ ಕೆಂಪು ಮಣ್ಣು.

ಈ ಒಂದು ಪ್ಯಾರಾ ಬಾಯಲ್ಲಿ ಹೇಳಲು ಬಂದರೆ ನಾಲ್ಕು ಅಧ್ಯಾಯಗಳ ‘ಕಾರಣ ಕೊಡಿ’ ಪ್ರಶ್ನೆಗಳು ಬಹುಪಾಲು ಮುಗಿದವು.

ವಾಯುಗುಣದಲ್ಲಿ ಕನ್ನಡ ಮಾಧ್ಯಮದವರು ಮಾತ್ರ ಜಾರುವ ಒಂದು ಜಾಗ ಇದೆ. ಕೃಷಿ ಪಾಠದಲ್ಲಿ ಮುಂಗಾರು ಬೆಳೆ ಎಂದರೆ ಖಾರಿಫ್, ಹಿಂಗಾರು ಬೆಳೆ ಎಂದರೆ ರಬಿ. ವಾಯುಗುಣದ ಪಾಠಕ್ಕೆ ಬಂದಾಗ ಹಿಂಗಾರು ಎಂದರೆ ನಿರ್ಗಮನ ಮಾನ್ಸೂನಿನ ಮಳೆ. ಪದ ಒಂದೇ, ಆದರೆ ಬೆಳೆ ಕೇಳಿದ್ದಕ್ಕೆ ಮಳೆ ಬರೆದರೆ ಅಂಕ ಇಲ್ಲ. ನಿರ್ಗಮನ ಕಾಲದಲ್ಲಿ ತಮಿಳುನಾಡಿನ ಕರಾವಳಿಗೆ ಏಕೆ ಮಳೆ ಎಂಬ ಪ್ರಶ್ನೆಗೂ ಸರಪಳಿಯೇ ಉತ್ತರ: ಭೂಭಾಗದಿಂದ ಹಿಂದಿರುಗುವ ಗಾಳಿ ಬಂಗಾಳ ಕೊಲ್ಲಿಯ ಮೇಲೆ ಹಾಯುವಾಗ ತೇವ ತುಂಬಿಕೊಂಡು ಈ ಕರಾವಳಿಗೆ ಬಡಿಯುತ್ತದೆ. ಬೇಸಿಗೆಯ ಸ್ಥಳೀಯ ಮಳೆಗಳಲ್ಲಿ ಪಶ್ಚಿಮ ಬಂಗಾಳದ ಕಾಲಬೈಸಾಖಿ, ಕೇರಳದ ಮಾವಿನ ಹೊಯ್ಲು, ಕರ್ನಾಟಕದ ಕಾಫಿ ಹೂಮಳೆ ಮೂರನ್ನೂ ರಾಜ್ಯದ ಜೊತೆಯೇ ನೆನಪಿಡಿ.

ಕೈಗಾರಿಕೆಗೂ ಇದೇ ಕ್ರಮ. ಪ್ರತಿ ಕೈಗಾರಿಕೆಗೆ ‘ಯಾವುದು ಇಲ್ಲದಿದ್ದರೆ ಇದು ಇಲ್ಲಿ ನಿಲ್ಲದು?’ ಎಂದು ಕೇಳಿಕೊಳ್ಳಿ. ಕಬ್ಬು ಕಡಿದ ಮೇಲೆ ಬೇಗ ಸಕ್ಕರೆಯಂಶ ಕಳೆದುಕೊಳ್ಳುತ್ತದೆ, ಹಾಗಾಗಿ ಸಕ್ಕರೆ ಕಾರ್ಖಾನೆ ಗದ್ದೆಯ ಹತ್ತಿರವೇ ಇರಬೇಕು. ಅಲ್ಯುಮಿನಿಯಂಗೆ ಬಾಕ್ಸೈಟ್‌ನಷ್ಟೇ ಅಗ್ಗದ ವಿದ್ಯುತ್ ಮುಖ್ಯ. ಜಮ್ಶೆಡ್‌ಪುರದ ಉಕ್ಕಿಗೆ (1907) ಮಯೂರ್‌ಭಂಜ್ ಕಡೆಯ ಕಬ್ಬಿಣದ ಅದಿರು, ಝರಿಯಾದ ಕಲ್ಲಿದ್ದಲು, ಸುವರ್ಣರೇಖಾ ನದಿಯ ನೀರು, ಕೋಲ್ಕತ್ತ ಬಂದರು. ನಮ್ಮ ಭದ್ರಾವತಿಗೆ (1923) ಕೆಮ್ಮಣ್ಣುಗುಂಡಿಯ ಅದಿರು, ಭದ್ರಾ ನದಿಯ ನೀರು. ಹತ್ತಿರ ಕಲ್ಲಿದ್ದಲು ಇಲ್ಲದ್ದರಿಂದ ಮೊದಲು ಮಲೆನಾಡಿನ ಕಾಡಿನ ಇದ್ದಿಲು, ಆಮೇಲೆ ಜೋಗದ ಕಡೆಯ ಜಲವಿದ್ಯುತ್. ಸಾರಿಗೆ ಮತ್ತು ನೈಸರ್ಗಿಕ ವಿಪತ್ತಿನ ಪಾಠಗಳು ಹಗುರ, ಒಂದೊಂದು ದಿನ ಸಾಕು.

ಸಂಖ್ಯೆಗಳು, ಹಳೆಯ ಗೈಡುಗಳು

ಬಾಯಿಪಾಠವೇ ಆಗಬೇಕಾದ ಅಂಕಿಗಳು ಹೆಚ್ಚಿಲ್ಲ. ಮುಖ್ಯಭೂಮಿ 8°4'ರಿಂದ 37°6' ಉತ್ತರ ಅಕ್ಷಾಂಶ, 68°7'ರಿಂದ 97°25' ಪೂರ್ವ ರೇಖಾಂಶ. ವಿಸ್ತೀರ್ಣ 32,87,263 ಚ.ಕಿ.ಮೀ., ಪ್ರಪಂಚದಲ್ಲಿ ಏಳನೆಯದು. ಭೂಗಡಿ 15,200 ಕಿ.ಮೀ. ದ್ವೀಪಗಳೂ ಸೇರಿ ಕರಾವಳಿ 7,516 ಕಿ.ಮೀ. ಎಂದು ಪಠ್ಯದಲ್ಲಿದೆ, ಇತ್ತೀಚಿನ ಮರು ಅಳತೆಯ 11,098 ಕಿ.ಮೀ. ಎಂಬ ಅಂಕಿ ಸುದ್ದಿಯಲ್ಲಿ ಕಂಡಿರಬಹುದು. ಪರೀಕ್ಷೆಯಲ್ಲಿ ನಿಮ್ಮ ಪಠ್ಯಪುಸ್ತಕದ್ದನ್ನೇ ಬರೆಯಿರಿ. ಮಳೆಯ ಪಾಲು ಶೇಕಡಾವಾರು: ನೈರುತ್ಯ ಮಾನ್ಸೂನ್ 75, ನಿರ್ಗಮನ 13, ಬೇಸಿಗೆ 10, ಚಳಿಗಾಲ 2. ಕೂಡಿಸಿದರೆ 100 ಬರಬೇಕು, ಒಂದು ಮರೆತರೂ ಕಳೆದು ಪಡೆಯಬಹುದು.

ಕೆಲವು ಅಂಕಿ ಉರು ಹೊಡೆಯಬೇಕಿಲ್ಲ, ಲೆಕ್ಕ ಹಾಕಿದರೆ ಸಿಗುತ್ತದೆ. ಭೂಮಿ ಗಂಟೆಗೆ 15° ತಿರುಗುತ್ತದೆ. 82½ನ್ನು 15ರಿಂದ ಭಾಗಿಸಿದರೆ 5½, ಅಂದರೆ ಗ್ರೀನಿಚ್‌ಗಿಂತ ನಮ್ಮ ಸಮಯ 5 ಗಂಟೆ 30 ನಿಮಿಷ ಮುಂದೆ. ಒಂದು ಡಿಗ್ರಿಗೆ 4 ನಿಮಿಷ. ದೇಶದ ಅಗಲ ಸುಮಾರು 29°, ಹಾಗಾಗಿ ಅರುಣಾಚಲದಲ್ಲಿ ಸೂರ್ಯ ಮೂಡಿ ಸುಮಾರು ಎರಡು ಗಂಟೆಯ ನಂತರ ಗುಜರಾತಿನ ಪಶ್ಚಿಮ ತುದಿಯಲ್ಲಿ ಮೂಡುತ್ತಾನೆ. ಆದರ್ಶ ವೇಳೆ ಏಕೆ ಬೇಕು ಎಂಬ ಪ್ರಶ್ನೆಗೆ ಇದೇ ಉತ್ತರ.

ಕರ್ಕಾಟಕ ವೃತ್ತ ಹಾಯುವ ಎಂಟು ರಾಜ್ಯಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ‘ಗು-ರಾ-ಮ ಛ-ಜಾ-ಪ ತ್ರಿ-ಮಿ’ ಎಂದು ಇಟ್ಟುಕೊಳ್ಳಿ: ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರ, ಮಿಜೋರಾಂ. ಬಿಹಾರ ಇದರಲ್ಲಿಲ್ಲ. ಜಾರ್ಖಂಡ್ 2000ದಲ್ಲಿ ಬೇರೆಯಾಯಿತು. ಅದಕ್ಕೂ ಮುಂಚಿನ ಪುಸ್ತಕಗಳಲ್ಲಿ ಬಿಹಾರ ಎಂದಿರುತ್ತದೆ. ಅಣ್ಣನದೋ ಅಕ್ಕನದೋ ಹಳೆಯ ಗೈಡು ಇಟ್ಟುಕೊಂಡು ಓದುವವರು ಇಂಥವನ್ನು ಪೆನ್ನಿನಲ್ಲಿ ತಿದ್ದಿಕೊಳ್ಳಬೇಕು. ಈಗ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. 29 ಮತ್ತು 7 ಎಂದಿರುವುದು 2019ರ ಹಿಂದಿನ ಲೆಕ್ಕ. ಅಲಹಾಬಾದ್ ಈಗ ಪ್ರಯಾಗರಾಜ್. ಕಾಂಡ್ಲಾ ಬಂದರಿನ ಹೆಸರು ಈಗ ದೀನದಯಾಳ್. ತುಂಗಭದ್ರಾ ಅಣೆಕಟ್ಟಿರುವ ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ, ಬಳ್ಳಾರಿಯಲ್ಲಲ್ಲ. ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆಯುತ್ತಿರುವುದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ.

ಮೂರು ಅಂಕಕ್ಕೆ ಎಷ್ಟು ಬರೆಯಬೇಕು

ಮೌಲ್ಯಮಾಪನ ಸಾಮಾನ್ಯವಾಗಿ ಅಂಶಗಳ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಅಂಶಕ್ಕೆ ಅರ್ಧ ಅಂಕ ಎಂದಿಟ್ಟುಕೊಂಡು ಬರೆಯುವುದು ಸುರಕ್ಷಿತ. ಎರಡು ಅಂಕಕ್ಕೆ ನಾಲ್ಕು, ಮೂರಕ್ಕೆ ಆರು, ನಾಲ್ಕಕ್ಕೆ ಎಂಟು ಅಂಶ. ‘ಭಾರತದ ಕೃಷಿ ಮಾನ್ಸೂನಿನೊಡನೆ ಆಡುವ ಜೂಜಾಟ, ಏಕೆ?’ ಎಂಬ ಪ್ರಶ್ನೆ ತೆಗೆದುಕೊಳ್ಳಿ. ಬಹಳ ಜನ ಮಾನ್ಸೂನ್ ಪದ ಅರಬ್ಬಿಯ ‘ಮೌಸಿಮ್’ನಿಂದ ಬಂದಿದೆ ಎಂದು ಶುರುಮಾಡಿ ಅರ್ಧ ಪುಟ ತುಂಬುತ್ತಾರೆ. ಅದು ಸರಿಯಾದ ಮಾತೇ, ಆದರೆ ಇಲ್ಲಿ ಅದಕ್ಕೆ ಅಂಕವಿಲ್ಲ. ಬೇಕಾದದ್ದು ಇಷ್ಟು:

ದೇಶದ ಮಳೆಯಲ್ಲಿ ಸುಮಾರು 75% ನೈರುತ್ಯ ಮಾನ್ಸೂನಿನಿಂದಲೇ ಬರುತ್ತದೆ.
ಸಾಗುವಳಿ ಭೂಮಿಯ ದೊಡ್ಡ ಪಾಲು ಮಳೆಯನ್ನೇ ನಂಬಿದೆ.
ಮಾನ್ಸೂನ್ ತಡವಾದರೆ ಬಿತ್ತನೆ ತಡವಾಗಿ ಇಳುವರಿ ಕುಸಿಯುತ್ತದೆ.
ಮಳೆ ಕೈಕೊಟ್ಟರೆ ಬರಗಾಲ.
ಅತಿಯಾದರೆ ಪ್ರವಾಹ, ಬೆಳೆನಾಶ.
ಮಳೆಯ ಹಂಚಿಕೆ ಎಲ್ಲೆಡೆ ಸಮನಾಗಿಲ್ಲ, ಒಂದೇ ವರ್ಷ ಒಂದು ಕಡೆ ಬರ, ಇನ್ನೊಂದು ಕಡೆ ನೆರೆ.

ಆರು ಸಾಲು, ಮೂರು ಅಂಕ, ಐದು ನಿಮಿಷ.

‘ವ್ಯತ್ಯಾಸ ತಿಳಿಸಿ’ ಎಂದರೆ ಎರಡು ಕಂಬ ಹಾಕಿ, ಪ್ರತಿ ಸಾಲಿನಲ್ಲೂ ಒಂದೇ ಗುಣವನ್ನು ಹೋಲಿಸಬೇಕು. ಪಶ್ಚಿಮ ಘಟ್ಟ ಎತ್ತರ, ಆನೈಮುಡಿ 2,695 ಮೀ. ಎಂದು ಎಡಗಡೆ ಬರೆದು, ಬಲಗಡೆ ಪೂರ್ವ ಘಟ್ಟದಲ್ಲಿ ಮಹಾನದಿ ಹರಿಯುತ್ತದೆ ಎಂದು ಬರೆದರೆ ಅದು ವ್ಯತ್ಯಾಸವಲ್ಲ, ಎರಡು ಬಿಡಿ ಮಾತು. ಎತ್ತರದ ಎದುರು ಎತ್ತರ: ಇದು ಹೆಚ್ಚು, ಅದು ಕಡಿಮೆ. ಸಾತತ್ಯದ ಎದುರು ಸಾತತ್ಯ: ಇದು ಬಹುತೇಕ ಅವಿಚ್ಛಿನ್ನ, ಅದನ್ನು ಮಹಾನದಿ, ಗೋದಾವರಿ, ಕೃಷ್ಣಾ, ಕಾವೇರಿ ಕಡಿದು ತುಂಡು ಮಾಡಿವೆ. ನದಿಯ ಎದುರು ನದಿ: ಪರ್ಯಾಯ ದ್ವೀಪದ ದೊಡ್ಡ ನದಿಗಳು ಹುಟ್ಟುವುದು ಇಲ್ಲಿ, ಅಲ್ಲಿ ಅಂಥ ದೊಡ್ಡ ನದಿ ಹುಟ್ಟುವುದಿಲ್ಲ.

ಮೂರು ವಾರದ ಲೆಕ್ಕ

ದಿನಕ್ಕೆ 50 ನಿಮಿಷ ಭೂಗೋಳಕ್ಕೆ ಮೀಸಲಿಟ್ಟರೆ ಮೂರು ವಾರದಲ್ಲಿ ಒಂದು ಸುತ್ತು ಆಗುತ್ತದೆ. ಮೊದಲ 10 ನಿಮಿಷ ನಕ್ಷೆ, ಮುಂದಿನ 20 ಪಾಠ, 15 ನಿಮಿಷ ಪುಸ್ತಕ ಮುಚ್ಚಿ ಎರಡು ಉತ್ತರ ಬರೆಯುವುದು, ಉಳಿದ 5 ತೆರೆದು ತಾಳೆ ನೋಡುವುದು. ಮೊದಲ ಮೂರು ದಿನ ಹೊರರೇಖೆ ಕೂರುವವರೆಗೆ 50 ನಿಮಿಷವೂ ನಕ್ಷೆಗೇ ಹೋಗಲಿ. ಆ ವಾರ ಸ್ಥಾನ-ವಿಸ್ತೀರ್ಣ ಮತ್ತು ಮೇಲ್ಮೈ ಲಕ್ಷಣ ಮುಗಿಸಿ. ಎರಡನೇ ವಾರ ವಾಯುಗುಣ, ಮಣ್ಣು, ಅರಣ್ಯ, ನೀರು ಒಟ್ಟಿಗೆ. ಮೂರನೇ ವಾರ ಕೃಷಿಯಿಂದ ಕೈಗಾರಿಕೆವರೆಗೆ; ಕೊನೆಯ ಎರಡು ದಿನ ಹಳೆಯ ಪತ್ರಿಕೆಗಳ ಭೂಗೋಳದ ಪ್ರಶ್ನೆಗಳನ್ನಷ್ಟೇ ಆಯ್ದು ಬರೆಯಿರಿ. ಓದಿದ್ದನ್ನು ಹೈಲೈಟರ್‌ನಲ್ಲಿ ಬಳಿಯುವುದು ಅಭ್ಯಾಸವಲ್ಲ, ಪುಟ ಹಳದಿಯಾಗುತ್ತದೆ ಅಷ್ಟೇ. ಮುಚ್ಚಿ ಬರೆಯುವ ಆ 15 ನಿಮಿಷ ತಪ್ಪಿಸಿದರೆ ಉಳಿದ 35ಕ್ಕೂ ಬೆಲೆಯಿಲ್ಲ.

ಪರೀಕ್ಷಾ ಕೊಠಡಿಯಲ್ಲಿ

ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಮೊದಲು ನಕ್ಷೆಯ ಪ್ರಶ್ನೆ ನೋಡಿ, ನಾಲ್ಕು ಸ್ಥಳಗಳು ಎಲ್ಲೆಲ್ಲಿವೆ ಎಂದು ಮನಸ್ಸಿನಲ್ಲೇ ಪೆಟ್ಟಿಗೆ ಹಾಕಿಕೊಳ್ಳಿ. ಉಳಿದ ಮೂರು ಗಂಟೆಗೆ 80 ಅಂಕ, ಅಂದರೆ ಅಂಕಕ್ಕೆ ಎರಡು ಕಾಲು ನಿಮಿಷ. ನಕ್ಷೆಗೆ 12 ನಿಮಿಷ ಮೀಸಲು. ಅದನ್ನು ಕೊನೆಯ ಐದು ನಿಮಿಷಕ್ಕೆ ತಳ್ಳಬೇಡಿ. ಗಂಟೆ ಹೊಡೆಯುವ ಹೊತ್ತಿಗೆ ಕೈ ನಡುಗುವಾಗ ಗುಜರಾತಿನ ಕೊಲ್ಲಿಗಳು ಬರುವುದಿಲ್ಲ. ಒಂದು ಮತ್ತು ಎರಡು ಅಂಕದವು ಮುಗಿದ ಕೂಡಲೇ ಬರೆದುಬಿಟ್ಟರೆ ಒಳ್ಳೆಯದು.

ಹೊಸ ಪುಟ ತೆಗೆದುಕೊಳ್ಳಿ, ಪ್ರಶ್ನೆ ಸಂಖ್ಯೆಯನ್ನು ಅಂಚಿನಲ್ಲಿ ಸ್ಪಷ್ಟವಾಗಿ ಹಾಕಿ. ಗುರುತು ಮಾಡಿ ಹೆಸರು ಬರೆಯದಿದ್ದರೂ, ಹೆಸರು ಬರೆದು ಚುಕ್ಕಿ ಇಡದಿದ್ದರೂ ಅಂಕ ಕೈತಪ್ಪಬಹುದು. ಎರಡೂ ಇರಲಿ, ಹೆಸರು ಅಡ್ಡಲಾಗಿರಲಿ, ನದಿಯ ಗೆರೆಯ ಜೊತೆ ತಿರುಗಿಸಿ ಬರೆಯುವುದು ಬೇಡ. ಕೇಳದ ಸ್ಥಳಗಳನ್ನು ತುಂಬಬೇಡಿ. ಒಂದು ಸ್ಥಳ ನೆನಪಾಗದಿದ್ದರೂ ಉಳಿದ ಮೂರನ್ನು ಮತ್ತು ಹೊರರೇಖೆಯನ್ನು ಬಿಡಬೇಡಿ, ನಾಲ್ಕು ಅಂಕ ಅಲ್ಲೇ ಇದೆ.

ಹೊರರೇಖೆ ಅರ್ಧಕ್ಕೆ ಕೆಟ್ಟರೆ ಪೂರ್ತಿ ಅಳಿಸಿ ಮತ್ತೆ ಶುರುಮಾಡುವ ಯೋಚನೆ ಬೇಡ. ಚುಕ್ಕಿಗಳು ಅಲ್ಲೇ ಇರುತ್ತವೆ, ಕೆಟ್ಟ ತುಂಡನ್ನಷ್ಟೇ ಅಳಿಸಿ ಒಂದು ಚುಕ್ಕಿಯಿಂದ ಮುಂದಿನ ಚುಕ್ಕಿಗೆ ಎಳೆಯಿರಿ. ಎಲ್ಲ ಮುಗಿದ ಮೇಲೆ ಪೆಟ್ಟಿಗೆಯ ಗೆರೆಗಳನ್ನು ಅಳಿಸಿ. ಅಳಿಸುವ ಮುನ್ನ ಪ್ರಶ್ನೆಯನ್ನು ಇನ್ನೊಮ್ಮೆ ನೋಡಿ: 23½° ಅಥವಾ 82½° ಕೇಳಿದ್ದರೆ ಆ ಗೆರೆಯನ್ನು ಉಳಿಸಿ, ದಟ್ಟ ಮಾಡಿ, ಡಿಗ್ರಿ ಬರೆದೇ ಪುಟ ತಿರುಗಿಸಿ.